ಕೋನನಿಯಂತ್ರಿತ ಸಾಣೆ ಸಾಧನಗಳು

ಕೋನನಿಯಂತ್ರಿತ ಸಾಣೆ ಸಾಧನವೆಂದರೆ, ಚಾಕುವಿನ ಅಲಗಿಗೂ ಸಾಣೆಕಲ್ಲಿಗೂ ನಡುವಿನ ಕೋನವನ್ನು ಕೈಯ ಅಂದಾಜಿಗೆ ಬಿಡದೆ ಹಿಡಿಕೆ, ಸರಳು, ಕೀಲು ಅಥವಾ ಓರೆಯಾದ ಆಧಾರದ ಮೂಲಕ ಸ್ಥಿರವಾಗಿ ಉಳಿಸಿ, ಅಲಗಿನ ಎರಡೂ ಬದಿಗಳನ್ನು ಗೊತ್ತುಪಡಿಸಿದ ಓರೆಯಲ್ಲಿ ಮಸೆಯುವ ಉಪಕರಣ. ಮಾರುಕಟ್ಟೆಯಲ್ಲಿ ಇದು ಗೈಡೆಡ್ ಶಾರ್ಪನರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಚಾಕುವನ್ನು ಸೀಳಿನಲ್ಲಿಟ್ಟು ಎಳೆಯುವ ಅಗ್ಗದ ಉಪಕರಣವನ್ನು ಈ ಗುಂಪಿಗೆ ಸೇರಿಸಬಾರದು. ಅದರಲ್ಲೂ ಕೋನ ನಿಗದಿಯಾಗಿರುತ್ತದೆ, ಆದರೆ ಗಟ್ಟಿಲೋಹದ ಎರಡು ತುಂಡುಗಳು ಬಾಯಿಯ ಉದ್ದಕ್ಕೂ ಲೋಹವನ್ನು ಹೆರೆಯುತ್ತವೆಯೇ ಹೊರತು ಮಸೆಯುವುದಿಲ್ಲ. ಹೀಗೆ ಹೆರೆದ ಬಾಯಿ ಒರಟಾಗಿ ಹರಿದಂತಿದ್ದು ಬೇಗ ಮೊಂಡಾಗುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ಬಾಯಿ ಎಂದರೆ ಅಲಗಿನ ಎರಡು ಓರೆ ಮುಖಗಳು ಕೂಡುವ, ಕತ್ತರಿಸುವ ಗೆರೆ. ಅದರ ಎದುರಿನ ದಪ್ಪ ಅಂಚು ಬೆನ್ನು. ಓರೆ ಮುಖವೆಂದರೆ ಬಾಯಿಯ ಪಕ್ಕದಲ್ಲಿ ಸಾಣೆಯಿಂದ ಮೂಡುವ ಕಿರಿದಾದ ಇಳಿಜಾರು. ಅಲಗಿನ ನಡುಸಮತಲಕ್ಕೂ ಒಂದು ಓರೆ ಮುಖಕ್ಕೂ ನಡುವಿನ ಕೋನ ಬದಿಕೋನ, ಎರಡು ಬದಿಕೋನಗಳ ಮೊತ್ತ ಒಟ್ಟುಕೋನ. ತಯಾರಕರಲ್ಲಿ ಕೆಲವರು ಮೊದಲನೆಯದನ್ನೂ ಕೆಲವರು ಎರಡನೆಯದನ್ನೂ ನಮೂದಿಸುವುದರಿಂದ ಗೊಂದಲವಾಗುತ್ತದೆ. 20 ಡಿಗ್ರಿ ಬದಿಕೋನವೂ 40 ಡಿಗ್ರಿ ಒಟ್ಟುಕೋನವೂ ಒಂದೇ. ಮಸೆಯುವಾಗ ಒಂದು ಬದಿಯಿಂದ ಇನ್ನೊಂದು ಬದಿಗೆ ಮಗುಚಿಕೊಳ್ಳುವ, ಕಣ್ಣಿಗೆ ಕಂಡೂ ಕಾಣದ ಲೋಹದ ತೆಳು ಎಳೆಯನ್ನು ಕಾರ್ಖಾನೆಗಳಲ್ಲಿ ಬರ್ ಎನ್ನುತ್ತಾರೆ. ಇಲ್ಲಿಯೂ ಅದೇ ಹೆಸರನ್ನು ಉಳಿಸಿಕೊಂಡಿದೆ.

ಹಿನ್ನೆಲೆ

ಕೋನವನ್ನು ಯಂತ್ರದ ವಶಕ್ಕೆ ಕೊಡುವ ಯೋಚನೆ ಮೊದಲು ಬೇರೂರಿದ್ದು ಚಾಕುವಿನಲ್ಲಲ್ಲ, ಬಡಗಿಯ ಉಳಿ ಮತ್ತು ಕೀಸುಳಿಯ ಬಾಯಿಯಲ್ಲಿ. ಅವುಗಳ ಬಾಯಿ ನೇರ, ಓರೆ ಮುಖ ಒಂದೇ ಬದಿಗೆ. ಹಾಗಾಗಿ ಉಳಿಯನ್ನು ಕಚ್ಚಿ ಹಿಡಿದು ಕಲ್ಲಿನ ಮೇಲೆ ಉರುಳುವ ಒಂದು ಗಾಲಿಯಷ್ಟೇ ಸಾಕಾಗುತ್ತಿತ್ತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ಎಕ್ಲಿಪ್ಸ್ 36 ಎಂಬ ಹಿಡಿಕೆ ಇದಕ್ಕೆ ಹೆಸರುವಾಸಿ, ಅದರ ಮಾದರಿಯ ನಕಲುಗಳು ಇಂದಿಗೂ ಎಲ್ಲೆಡೆ ಸಿಗುತ್ತವೆ. ಚಾಕುವಿನ ಬಾಯಿ ಉದ್ದ, ತುದಿಯ ಕಡೆ ಬಾಗಿರುತ್ತದೆ, ಎರಡೂ ಬದಿ ಮಸೆಯಬೇಕು. ಆದ್ದರಿಂದ ಅದಕ್ಕೊಪ್ಪುವ ಸಾಧನಗಳು ವ್ಯಾಪಕವಾಗಿ ಬಂದದ್ದು 1970ರ ದಶಕದಿಂದೀಚೆಗೆ. ಸ್ವೀಡನ್ನಿನಲ್ಲಿ ಟೋರ್ಗ್ನಿ ಯಾನ್ಸನ್ 1973ರಲ್ಲಿ ಸ್ಥಾಪಿಸಿದ ಟಾರ್ಮೆಕ್ ಸಂಸ್ಥೆ, ನೀರಿನಲ್ಲಿ ನಿಧಾನವಾಗಿ ತಿರುಗುವ ಸಾಣೆಚಕ್ರಕ್ಕೆ ಚಾಕು ಹಿಡಿಯುವ ಜಿಗ್ಗುಗಳನ್ನು ಜೋಡಿಸಿತು. ಅದೇ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸ್ಪೈಡರ್ಕೊ ಸಂಸ್ಥೆ ಓರೆಯಾಗಿ ನೆಟ್ಟ ಸಿರಾಮಿಕ್ ಸರಳುಗಳ ಸಾಧನವನ್ನೂ, 1979ರಲ್ಲಿ ಆರಂಭವಾದ ಲ್ಯಾನ್ಸ್ಕಿ ಸಂಸ್ಥೆ ಹಿಡಿಕೆ ಮತ್ತು ಸರಳಿನ ಸಾಧನವನ್ನೂ ಮಾರುಕಟ್ಟೆಗೆ ತಂದವು. ಮುಂದೆ ಆರೆಗನ್ ರಾಜ್ಯದ ಬೆನ್ ಡೇಲ್ ರೂಪಿಸಿದ ಎಡ್ಜ್ ಪ್ರೊ, ನ್ಯೂ ಮೆಕ್ಸಿಕೊದ ವಿಕೆಡ್ ಎಡ್ಜ್, ಉಕ್ರೇನಿನ ಹ್ಯಾಪ್‌ಸ್ಟೋನ್, ರಷ್ಯಾದ ಟಿಎಸ್‌ಪ್ರೊಫ್ ಮುಂತಾದವು ಅದೇ ತತ್ವವನ್ನು ಹೆಚ್ಚು ನಿಖರವಾದ ಯಂತ್ರಭಾಗಗಳಲ್ಲಿ ಬೆಳೆಸಿದವು.

ಕೆಲಸ ಮಾಡುವ ತತ್ವ

ಹರಿತವಾದ ಬಾಯಿ ಎಂದರೆ ಎರಡು ಸಮತಲಗಳು ಸಂಧಿಸುವ ಗೆರೆ. ಆ ಗೆರೆ ಎಷ್ಟು ತೆಳುವಾಗಿದೆ ಎಂಬುದರ ಮೇಲೆ ಹರಿತ ನಿಂತಿದೆ. ಬಳಕೆಯಲ್ಲಿ ಅದು ಸವೆಯುತ್ತದೆ, ಮಗುಚುತ್ತದೆ, ಸಣ್ಣಗೆ ಒಡೆಯುತ್ತದೆ, ಹುಳಿ ಹಣ್ಣಿನ ರಸಕ್ಕೆ ತುಕ್ಕು ಹಿಡಿಯುತ್ತದೆ. ಸಾಣೆಯ ಕೆಲಸ ಈ ಸಂಧಿರೇಖೆಯನ್ನು ಮತ್ತೆ ಮೂಡಿಸುವುದು. ಕೈಯಲ್ಲೇ ಹಿಡಿದು ಮಸೆಯುವಾಗಿನ ತೊಡಕನ್ನು ಒಂದು ಲೆಕ್ಕ ತೋರಿಸಿಕೊಡುತ್ತದೆ. ಬಾಯಿಯಿಂದ ಬೆನ್ನಿಗೆ 45 ಮಿ.ಮೀ. ಅಗಲವಿರುವ ಅಡುಗೆ ಚಾಕುವನ್ನು 15 ಡಿಗ್ರಿಯಲ್ಲಿ ಹಿಡಿಯಬೇಕಾದರೆ ಬೆನ್ನು ಕಲ್ಲಿನಿಂದ ಸುಮಾರು 11.6 ಮಿ.ಮೀ. ಮೇಲಿರಬೇಕು. 20 ಡಿಗ್ರಿಗೆ 15.4 ಮಿ.ಮೀ. ಅಂದರೆ ಬೆನ್ನು 2 ಮಿ.ಮೀ. ಏರಿಳಿದರೂ ಕೋನ ಎರಡೂವರೆ ಡಿಗ್ರಿಗಿಂತ ಹೆಚ್ಚು ಬದಲಾಗುತ್ತದೆ. ಪ್ರತಿ ಎಳೆತದಲ್ಲೂ ಹೀಗೆ ಏರಿಳಿಯುವ ಕೈ ಸಮತಲವನ್ನಲ್ಲ, ಉಬ್ಬಿದ ಮೇಲ್ಮೈಯನ್ನು ಮೂಡಿಸುತ್ತದೆ. ಕೋನ ಹೆಚ್ಚಾದ ಒಂದೇ ಒಂದು ಎಳೆತ ಅದುವರೆಗೆ ಕಟ್ಟಿದ್ದ ಗೆರೆಯ ತುದಿಯನ್ನೇ ತೇಯ್ದುಬಿಡಬಲ್ಲದು. ಕೋನ ಕಡಿಮೆಯಾದ ಎಳೆತಗಳು ಬಾಯಿಯನ್ನು ಮುಟ್ಟದೆ ಅದರ ಹಿಂದಿನ ಲೋಹವನ್ನಷ್ಟೇ ತೆಗೆಯುತ್ತವೆ, ಅದರಿಂದ ಚಾಕು ಸವೆಯುತ್ತದೆಯೇ ಹೊರತು ಹರಿತವಾಗುವುದಿಲ್ಲ. ನುರಿತವರ ಕೈಯಲ್ಲಿ ಈ ಏರಿಳಿತ ಬಹಳ ಕಡಿಮೆ, ಆದರೆ ಆ ಹದ ಬರುವುದು ಅಭ್ಯಾಸದಿಂದ. ತಿಂಗಳಿಗೊಮ್ಮೆ ಚಾಕು ಮಸೆಯುವ ಮನೆಯಲ್ಲಿ ಅಷ್ಟು ಅಭ್ಯಾಸಕ್ಕೆ ಅವಕಾಶವೇ ಇರುವುದಿಲ್ಲ.

ಹಿಡಿಕೆ ಮತ್ತು ಸರಳಿನ ಸಾಧನ ಈ ತೊಡಕನ್ನು ರೇಖಾಗಣಿತದಿಂದ ಬಿಡಿಸುತ್ತದೆ. ಅಲಗನ್ನು ಅಲುಗದಂತೆ ಕಚ್ಚಿ ಹಿಡಿದಿರುತ್ತಾರೆ, ಕಲ್ಲು ಹೊತ್ತ ಸರಳು ಒಂದು ಸ್ಥಿರ ಕೀಲಿನ ಮೂಲಕ ಹಾದುಬರುತ್ತದೆ. ಕೀಲಿನಿಂದ ದೂರ ಹೋದಂತೆ ಕೋನ ಕಿರಿದಾಗುತ್ತದೆ, ಆದ್ದರಿಂದ ಉದ್ದನೆಯ ಚಾಕುವಿನ ಎರಡು ತುದಿಗಳಲ್ಲಿ ಓರೆ ಬೇರೆಯಾಗುತ್ತದೆ ಎಂಬ ಆಕ್ಷೇಪ ಈ ಸಾಧನಗಳ ಬಗ್ಗೆ ಪದೇ ಪದೇ ಕೇಳಿಬರುತ್ತದೆ. ನೇರವಾದ ಬಾಯಿಯ ಮಟ್ಟಿಗೆ ಇದು ತಪ್ಪು. ಒಂದು ಸರಳರೇಖೆ ಮತ್ತು ಅದರ ಹೊರಗಿನ ಒಂದು ಬಿಂದುವಿನ ಮೂಲಕ ಹಾದುಹೋಗುವ ಸಮತಲ ಒಂದೇ ಒಂದು. ಬಾಯಿ ಆ ರೇಖೆ, ಕೀಲು ಆ ಬಿಂದು. ಕಲ್ಲು ಬಾಯಿಯನ್ನು ಎಲ್ಲಿ ಮುಟ್ಟಿದರೂ ಆ ಒಂದೇ ಸಮತಲದಲ್ಲಿರುತ್ತದೆ, ಹಾಗಾಗಿ ಹಿಡಿಯ ಬಳಿಯೂ ನಡುವಿನಲ್ಲೂ ಕೋನ ಒಂದೇ. ಬದಲಾಗುವುದು ಬಾಯಿ ಬಾಗಿದಲ್ಲಿ. ಕೀಲಿನಿಂದ ಅಲಗಿನ ಸಮತಲಕ್ಕೆ ಇಳಿಸಿದ ಲಂಬದ ಪಾದಬಿಂದುವಿನಿಂದ, ಬಾಗಿನ ಆ ಸ್ಥಳದಲ್ಲಿ ಎಳೆದ ಸ್ಪರ್ಶರೇಖೆಗೆ ಎಷ್ಟು ಲಂಬದೂರವಿದೆಯೋ ಅದೇ ಅಲ್ಲಿನ ಕೋನವನ್ನು ನಿರ್ಧರಿಸುತ್ತದೆ. ದೂರ ಹೆಚ್ಚಾದರೆ ಕೋನ ಕಿರಿದು, ಕಡಿಮೆಯಾದರೆ ಹಿರಿದು. ಅಲಗನ್ನು ತುದಿಯಿಂದ ತೀರಾ ದೂರದಲ್ಲಿ ಕಚ್ಚಿಸಿದಾಗ ತುದಿಯ ಓರೆ ಮುಖ ಅಗಲವಾಗಿ ಹರಡಿಕೊಳ್ಳುವುದಕ್ಕೂ, ತೀರಾ ಹತ್ತಿರ ಕಚ್ಚಿಸಿದಾಗ ಕಿರಿದಾಗುವುದಕ್ಕೂ ಇದೇ ಕಾರಣ. ಇವೆರಡರ ನಡುವೆ, ತುದಿಯ ಬಾಗು ಪಾದಬಿಂದುವನ್ನು ಕೇಂದ್ರವಾಗಿಸಿಕೊಂಡ ವೃತ್ತದ ಭಾಗಕ್ಕೆ ಹತ್ತಿರವಾಗುವಂಥ ಒಂದು ಜಾಗವಿರುತ್ತದೆ. ಅಲ್ಲಿ ಕಚ್ಚಿಸಿದರೆ ಬಾಗಿನಲ್ಲೂ ಕೋನ ಹೆಚ್ಚುಕಡಿಮೆ ಉಳಿಯುತ್ತದೆ. ಸಾಧನದ ದೋಷವೆಂದು ದೂರುವುದರಲ್ಲಿ ಬಹುಪಾಲು ಕಚ್ಚಿಸಿದ ಜಾಗದ ದೋಷ.

ಇದೇ ಲೆಕ್ಕ ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತದೆ. ಸಾಧನದ ಮೇಲೆ ಕೆತ್ತಿದ ಡಿಗ್ರಿ ಒಂದು ನಿರ್ದಿಷ್ಟ ಅಗಲದ ಅಲಗಿಗಷ್ಟೇ ಸರಿ. ಕೀಲು ಅಲಗಿನ ಸಮತಲದಿಂದ 40 ಮಿ.ಮೀ. ಎತ್ತರದಲ್ಲಿದ್ದು, ಬಾಯಿ ಪಾದಬಿಂದುವಿನಿಂದ 110 ಮಿ.ಮೀ. ದೂರದಲ್ಲಿದ್ದರೆ ಕೋನ 20 ಡಿಗ್ರಿ. ಅಗಲವಾದ ಅಲಗನ್ನು ಕಚ್ಚಿಸಿ ಆ ದೂರ 140 ಮಿ.ಮೀ. ಆದರೆ ಕೀಲಿನ ಎತ್ತರ ಅಷ್ಟೇ ಇದ್ದರೂ ಕೋನ 16 ಡಿಗ್ರಿಗೆ ಇಳಿಯುತ್ತದೆ. ಕಲ್ಲಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ: ಕೀಲಿನಿಂದ 150 ಮಿ.ಮೀ. ದೂರದಲ್ಲಿ ಕಲ್ಲು 1 ಮಿ.ಮೀ. ದಪ್ಪವಾದರೆ ಕೋನ ಸುಮಾರು 0.4 ಡಿಗ್ರಿ ಸರಿಯುತ್ತದೆ. ಒರಟು ಕಲ್ಲಿನಿಂದ ನಯ ಕಲ್ಲಿಗೆ ಹೋಗುವಾಗ ಇದನ್ನು ಸರಿದೂಗಿಸದಿದ್ದರೆ ನಯ ಕಲ್ಲು ಬಾಯಿಯನ್ನು ತಲುಪದೆಯೇ ಉಳಿಯಬಹುದು. ಹೀಗಾಗಿ ಉತ್ತಮ ಸಾಧನಗಳಲ್ಲಿ ಕೀಲನ್ನು ಸೂಕ್ಷ್ಮವಾಗಿ ಏರಿಸಿ ಇಳಿಸುವ ತಿರುಪು ಇರುತ್ತದೆ, ಬಳಕೆದಾರರು ಡಿಜಿಟಲ್ ಕೋನಮಾಪಕವನ್ನು ಕಲ್ಲಿಗೆ ಅಂಟಿಸಿ ಅಳೆಯುತ್ತಾರೆ. ಆದರೆ ಮನೆಬಳಕೆಗೆ ಮುಖ್ಯವಾದದ್ದು ಕೋನದ ನಿಜವಾದ ಅಂಕಿಯಲ್ಲ, ಅದರ ಪುನರಾವರ್ತನೆ. 17 ಡಿಗ್ರಿಯಾದರೂ 18 ಆದರೂ ಚಾಕು ಚೆನ್ನಾಗಿ ಕತ್ತರಿಸುತ್ತದೆ. ಕಳೆದ ಸಲದ್ದೇ ಕೋನ ಈ ಸಲವೂ ಸಿಕ್ಕಿದರೆ ಕಲ್ಲು ಮೊದಲ ಎಳೆತದಲ್ಲೇ ಬಾಯಿಯನ್ನು ಮುಟ್ಟುತ್ತದೆ, ನಯ ಕಲ್ಲಿನ ಕೆಲವೇ ಎಳೆತಗಳಲ್ಲಿ ಕೆಲಸ ಮುಗಿಯುತ್ತದೆ, ತೀರಾ ಅಲ್ಪ ಲೋಹ ಹೋಗುತ್ತದೆ. ಮೊಂಡಾದದ್ದನ್ನು ಹರಿತ ಮಾಡುವುದಕ್ಕಿಂತ ಹರಿತವಾದದ್ದನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ಈ ಸಾಧನಗಳ ನಿಜವಾದ ಉಪಯುಕ್ತತೆ ಇದೆ.

ಕೋನದ ಮಹತ್ವಕ್ಕೆ ಪ್ರಯೋಗಗಳ ಆಧಾರವೂ ಇದೆ. 1952ರಲ್ಲಿ ಶೆಫೀಲ್ಡಿನಲ್ಲಿ ಸ್ಥಾಪನೆಯಾದ ಕ್ಯಾಟ್ರಾ ಸಂಶೋಧನಾ ಸಂಸ್ಥೆ ಬೆಳೆಸಿದ, ಈಗ ಐಎಸ್‌ಒ 8442ರ 5ನೇ ಭಾಗವಾಗಿರುವ ಪರೀಕ್ಷೆಯಲ್ಲಿ ಸಿಲಿಕಾ ಬೆರೆಸಿದ ಕಾಗದದ ಕಟ್ಟನ್ನು ಅಲಗಿನಿಂದ ನಿಗದಿತ ಭಾರದಲ್ಲಿ ಮತ್ತೆ ಮತ್ತೆ ಕತ್ತರಿಸಿ, ಮೊದಲ ಹರಿತವನ್ನೂ ಬಾಳಿಕೆಯನ್ನೂ ಅಳೆಯುತ್ತಾರೆ. ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ 2020ರಲ್ಲಿ ಪ್ರಕಟಿಸಿದ ನೈಫ್ ಎಂಜಿನಿಯರಿಂಗ್ ಗ್ರಂಥ ಇಂಥ ಪರೀಕ್ಷೆಗಳ ಫಲಿತಾಂಶಗಳನ್ನು ಚರ್ಚಿಸುತ್ತದೆ. ಬಾಯಿ ಮುರಿಯದೆ ಮಗುಚದೆ ನಿಲ್ಲುವವರೆಗೆ, ಕೋನ ಕಿರಿದಾದಷ್ಟೂ ಚಾಕು ಹೆಚ್ಚು ಕಾಲ ಕತ್ತರಿಸುತ್ತದೆ ಎಂಬುದು ಅದರ ಮುಖ್ಯ ತೀರ್ಮಾನಗಳಲ್ಲೊಂದು. ಕಿರಿದಾದ ಕೋನವೇ ಬೇಗ ಮೊಂಡಾಗುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇದು ವಿರುದ್ಧವಾಗಿದೆ.

ಬಗೆಗಳು

ರಚನೆಯ ದೃಷ್ಟಿಯಿಂದ ಇವುಗಳಲ್ಲಿ ಎರಡು ಮೂಲ ಪಂಗಡಗಳಿವೆ: ಅಲಗು ಸ್ಥಿರವಾಗಿದ್ದು ಕಲ್ಲು ಚಲಿಸುವವು, ಕಲ್ಲು ಸ್ಥಿರವಾಗಿದ್ದು ಅಲಗು ಚಲಿಸುವವು. ಮೊದಲನೆಯದಕ್ಕೆ ಲ್ಯಾನ್ಸ್ಕಿ ಸರಳ ಉದಾಹರಣೆ. ಅದರ ಹಿಡಿಕೆಯಲ್ಲಿ 17, 20, 25 ಮತ್ತು 30 ಡಿಗ್ರಿಗೆ ನಾಲ್ಕು ತೂತುಗಳಿವೆ. ಒಂದು ಬದಿ ಮುಗಿದ ಮೇಲೆ ಹಿಡಿಕೆಯನ್ನೇ ತಿರುವಿ ಇನ್ನೊಂದು ಬದಿಯನ್ನು ಮಸೆಯುತ್ತಾರೆ. ವಿಕೆಡ್ ಎಡ್ಜ್‌ನಲ್ಲಿ ಅಲಗು ಬಾಯಿ ಮೇಲಾಗಿ ನಿಂತಿರುತ್ತದೆ, ಎರಡು ಕೈಗಳೂ ಎರಡು ಬದಿಯ ಕಲ್ಲುಗಳನ್ನು ಸರದಿಯಂತೆ ಆಡಿಸುತ್ತವೆ, ಹೀಗಾಗಿ ಎರಡೂ ಬದಿ ಸಮವಾಗಿ ಸವೆಯುತ್ತವೆ. ಎಡ್ಜ್ ಪ್ರೊ ಇವೆರಡಕ್ಕಿಂತ ಭಿನ್ನ. ಅದರಲ್ಲಿ ಅಲಗನ್ನು ಕಚ್ಚಿಸದೆ ಓರೆಯಾದ ಮೇಜಿನ ಮೇಲೆ ಬೆರಳಿನಿಂದ ಒತ್ತಿಹಿಡಿದು ಸರಿಸುತ್ತಾ ಹೋಗುತ್ತಾರೆ. ಉದ್ದನೆಯ ಅಡುಗೆ ಚಾಕುವಿಗೆ ಇದು ಹೊಂದುತ್ತದೆ, ಆದರೆ ನಿಖರತೆಯ ಒಂದು ಪಾಲು ಮತ್ತೆ ಕೈಗೇ ಬರುತ್ತದೆ.

ಎರಡನೆಯ ಪಂಗಡದಲ್ಲಿ ಸ್ಪೈಡರ್ಕೊದ ಟ್ರೈ-ಆಂಗಲ್ ಶಾರ್ಪ್‌ಮೇಕರ್ ಮುಖ್ಯವಾದದ್ದು. ಅದರ ಪೀಠದಲ್ಲಿ ತ್ರಿಕೋನಾಕಾರದ ಸಿರಾಮಿಕ್ ಸರಳುಗಳು 30 ಅಥವಾ 40 ಡಿಗ್ರಿ ಒಟ್ಟುಕೋನಕ್ಕೆ ಸರಿಯಾಗಿ ಓರೆಯಾಗಿ ನಿಲ್ಲುತ್ತವೆ, ಬಳಸುವವರು ಚಾಕುವನ್ನು ನೆಟ್ಟಗೆ ಹಿಡಿದು ಕೆಳಗೆಳೆದರೆ ಸಾಕು. ಕೋನವನ್ನು ಊಹಿಸುವುದಕ್ಕಿಂತ ನೇರ ಲಂಬವನ್ನು ಗುರುತಿಸುವುದು ಮನುಷ್ಯರ ಕಣ್ಣಿಗೆ ಸುಲಭ ಎಂಬ ಸಂಗತಿಯನ್ನು ಇದು ಬಳಸಿಕೊಳ್ಳುತ್ತದೆ. ಜರ್ಮನಿಯ ಹೋರ್ಲ್ ಉರುಳುಸಾಣೆ ಮಾತ್ರ ಮೊದಲ ಪಂಗಡಕ್ಕೇ ಸೇರುತ್ತದೆ. ಅದರಲ್ಲಿ ಅಲಗು ಅಯಸ್ಕಾಂತದ ಗಟ್ಟಿಗೆ 15 ಅಥವಾ 20 ಡಿಗ್ರಿಯಲ್ಲಿ ಅಂಟಿಕೊಂಡಿರುತ್ತದೆ, ಸಾಣೆಬಿಲ್ಲೆಯುಳ್ಳ ಉರುಳೆ ಮೇಜಿನ ಮೇಲೆ ಹಿಂದೆ ಮುಂದೆ ಉರುಳುತ್ತದೆ. ಟಾರ್ಮೆಕ್‌ನಂಥ ಮೋಟಾರು ಯಂತ್ರಗಳಲ್ಲಿ ಲೋಹ ಬೇಗ ಹೋಗುತ್ತದೆ, ಹಾಗಾಗಿ ಅವು ಹೋಟೆಲು ಮತ್ತು ಸಾಣೆ ಅಂಗಡಿಗೆ ಹೆಚ್ಚು ಒಪ್ಪುತ್ತವೆ. ಅವುಗಳಲ್ಲಿ ನೀರು ಅಲಗು ಕಾಯದಂತೆ ನೋಡಿಕೊಳ್ಳುತ್ತದೆ. ಒಣ ಚಕ್ರದಲ್ಲಿ ಬಾಯಿಯ ತೆಳು ಉಕ್ಕು ಕ್ಷಣದಲ್ಲಿ ಕಾದು ತನ್ನ ಗಡಸುತನ ಕಳೆದುಕೊಳ್ಳುವ ಅಪಾಯವಿದೆ.

ಸಾಣೆಕಲ್ಲುಗಳು

ಕೋನ ಯಾವ ಸಾಧನದಿಂದ ಬಂದರೂ ಲೋಹವನ್ನು ತೆಗೆಯುವುದು ಕಲ್ಲಿನ ಕಣ. ಸಿಲಿಕಾನ್ ಕಾರ್ಬೈಡ್, ಅಲ್ಯುಮಿನಿಯಂ ಆಕ್ಸೈಡ್, ವಜ್ರ ಮತ್ತು ಕ್ಯೂಬಿಕ್ ಬೋರಾನ್ ನೈಟ್ರೈಡ್ ಈಗ ಬಳಕೆಯಲ್ಲಿರುವ ಮುಖ್ಯ ಕಣಗಳು. ಸಾಮಾನ್ಯ ಅಡುಗೆ ಚಾಕುವಿನ ಉಕ್ಕಿಗೆ ಮೊದಲೆರಡು ಧಾರಾಳವಾಗಿ ಸಾಕು. ವನೇಡಿಯಂ ಹೆಚ್ಚಿರುವ ಉಕ್ಕಿನ ಕಥೆ ಬೇರೆ. ಅದರೊಳಗಿನ ವನೇಡಿಯಂ ಕಾರ್ಬೈಡ್ ಕಣಗಳು ಅಲ್ಯುಮಿನಿಯಂ ಆಕ್ಸೈಡಿಗಿಂತ ಗಡಸು, ಆದ್ದರಿಂದ ಅಂಥ ಅಲಗುಗಳಿಗೆ ವಜ್ರ ಅಥವಾ ಬೋರಾನ್ ನೈಟ್ರೈಡ್ ಬೇಕಾಗುತ್ತದೆ. ಕಣದ ಗಾತ್ರ ಹೇಳುವ ಗ್ರಿಟ್ ಸಂಖ್ಯೆಯನ್ನು ಕಣ್ಣುಮುಚ್ಚಿ ಹೋಲಿಸಬಾರದು: ಜಪಾನಿನ ಜೆಐಎಸ್ ಮಾನದಂಡದ 1000 ಎಂದರೆ ಸುಮಾರು 11.5 ಮೈಕ್ರಾನ್, ಯುರೋಪಿನ ಎಫ್‌ಇಪಿಎ ಎಫ್ ಶ್ರೇಣಿಯ 1000 ಎಂದರೆ ಸುಮಾರು 4.5 ಮೈಕ್ರಾನ್. ಮೈಕ್ರಾನ್ ಲೆಕ್ಕದಲ್ಲಿ ಹೋಲಿಸಿದರೆ ಮೋಸವಿಲ್ಲ.

ಬಳಕೆಯ ಕ್ರಮ

ಅಲಗನ್ನು ತೊಳೆದು ಒರೆಸಿ, ಗೀರು ಬೀಳದಂತೆ ಕಚ್ಚುವ ಜಾಗಕ್ಕೆ ಟೇಪು ಸುತ್ತಿ ಹಿಡಿಕೆಗೆ ಬಿಗಿಯುತ್ತಾರೆ. ಓರೆ ಮುಖಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದು ನಯ ಕಲ್ಲಿನಲ್ಲಿ ಒಂದೆರಡು ಬಾರಿ ಮೆಲ್ಲಗೆ ಎಳೆದು ನೋಡುವುದು ಕೋನ ಹೊಂದಿಸುವ ನೆಚ್ಚಿಕೆಯ ದಾರಿ. ಮಸಿ ಬೆನ್ನಿನ ಕಡೆಗಷ್ಟೇ ಅಳಿಸಿದರೆ ಕೋನ ಕಡಿಮೆಯಿದೆ, ಬಾಯಿಯ ಅಂಚಿನಲ್ಲಷ್ಟೇ ಅಳಿಸಿದರೆ ಹೆಚ್ಚಿದೆ, ಮುಖದ ತುಂಬ ಅಳಿಸಿದರೆ ಹಳೆಯ ಕೋನವೇ ಸಿಕ್ಕಿದೆ. ಆ ಸ್ಥಾನವನ್ನೂ ಅಲಗು ಕಚ್ಚಿಸಿದ ಜಾಗವನ್ನೂ ಬರೆದಿಟ್ಟುಕೊಂಡರೆ ಮುಂದಿನ ಸಲ ಈ ಹುಡುಕಾಟವಿರುವುದಿಲ್ಲ. ಮೊಂಡಾದ ಅಲಗನ್ನು ಒಂದು ಬದಿಯಲ್ಲಿ ಬಾಯಿಯುದ್ದಕ್ಕೂ ಬರ್ ಏಳುವವರೆಗೆ ಮಸೆಯಬೇಕು. ಎದುರು ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹೊರಮುಖವಾಗಿ ಸವರಿದರೆ ಅದು ಸಣ್ಣ ತಡೆಯಂತೆ ತಾಗುತ್ತದೆ. ಎಲ್ಲಿ ತಾಗುವುದಿಲ್ಲವೋ ಅಲ್ಲಿ ಎರಡು ಸಮತಲಗಳು ಇನ್ನೂ ಕೂಡಿಲ್ಲ. ಆಮೇಲೆ ಇನ್ನೊಂದು ಬದಿ, ಅನಂತರ ಒಂದೊಂದಾಗಿ ನಯವಾದ ಕಲ್ಲುಗಳು, ಒತ್ತಡ ಕ್ರಮೇಣ ಕಡಿಮೆ.

ಕೊನೆಯ ಹಂತವಾದ ಬರ್ ನಿವಾರಣೆಯಲ್ಲೇ ಹೆಚ್ಚಿನವರು ಎಡವುವುದು. ಬರ್ ಉಳಿದ ಚಾಕು ಮಸೆದ ಕೂಡಲೇ ಕಾಗದವನ್ನು ಸಲೀಸಾಗಿ ಸೀಳುತ್ತದೆ, ನಾಲ್ಕು ಈರುಳ್ಳಿ ಹೆಚ್ಚುವಷ್ಟರಲ್ಲಿ ಬರ್ ಮುರಿದು ಮೊಂಡಾಗುತ್ತದೆ. ಅದನ್ನು ತೆಗೆಯಲು ಅತಿ ನಯವಾದ ಕಲ್ಲಿನಲ್ಲಿ ಬದಿ ಬದಲಿಸುತ್ತಾ ಹಗುರವಾಗಿ ಎಳೆಯಬೇಕು, ಇಲ್ಲವೇ ನಯ ಕಣದ ಪೇಸ್ಟು ಸವರಿದ ಚರ್ಮದ ಪಟ್ಟಿಯನ್ನು ಬಳಸಬೇಕು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹವಿಜ್ಞಾನಿ ಜಾನ್ ವರ್ಹೋವನ್ 2004ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೊಂದಿಗೆ ಪ್ರಕಟಿಸಿದ ಸಾಣೆಯ ಪ್ರಯೋಗಗಳಲ್ಲಿ, ಬರಿಯ ಚರ್ಮಕ್ಕಿಂತ ಕ್ರೋಮಿಯಂ ಆಕ್ಸೈಡ್ ಸವರಿದ ಚರ್ಮ ಬರ್ ತೆಗೆಯಲು ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂತು.

ಆಕ್ಷೇಪಗಳು ಮತ್ತು ಮಿತಿಗಳು

ಕೈಸಾಣೆಯ ಪಕ್ಷಪಾತಿಗಳು ಮುಂದಿಡುವ ಮುಖ್ಯ ವಾದ, ಈ ಸಾಧನಗಳು ಕೌಶಲವನ್ನು ಬೆಳೆಸುವುದಿಲ್ಲ ಎಂಬುದು. ಕೋನದ ಮಟ್ಟಿಗೆ ಮಾತು ನಿಜ. ಆದರೆ ಸಾಣೆಯ ಕೌಶಲ ಕೋನವೊಂದೇ ಅಲ್ಲ. ಬರ್ ಗುರುತಿಸುವುದು, ಒತ್ತಡ ಹದಗೊಳಿಸುವುದು, ಯಾವ ಕಲ್ಲಿನಲ್ಲಿ ನಿಲ್ಲಬೇಕೆಂದು ತಿಳಿಯುವುದು, ಇವೆಲ್ಲ ಇಲ್ಲಿಯೂ ಕಲಿಯಲೇಬೇಕು. ಕೋನದ ಚಿಂತೆ ತಪ್ಪಿದ್ದರಿಂದ ಹೊಸಬರು ಇವುಗಳ ಕಡೆಗೆ ಗಮನ ಕೊಡಲು ಸಾಧ್ಯವಾಗುತ್ತದೆ. ಸಾಧನ ಕೊಂಡ ಮಾತ್ರಕ್ಕೆ ಚಾಕು ಹರಿತವಾಗುತ್ತದೆ ಎಂದು ಮಾರಾಟಗಾರರು ಹೇಳುವುದೂ ಅಷ್ಟೇ ತಪ್ಪು. ಜೋಡಿಸುವುದಕ್ಕೇ ಹೊತ್ತು ಹಿಡಿಯುತ್ತದೆ ಎಂಬ ಎರಡನೆಯ ಆಕ್ಷೇಪ ಹಿಡಿಕೆಯ ಸಾಧನಗಳಿಗೆ ಒಪ್ಪುತ್ತದೆ, ನಿಲ್ಲಿಸಿದ ಸರಳಿನ ಸಾಧನಗಳಿಗೆ ಒಪ್ಪುವುದಿಲ್ಲ. ದಿನವೂ ಹತ್ತಾರು ಚಾಕು ಮಸೆಯುವ ಬಾಣಸಿಗರಿಗೆ ಕೈಸಾಣೆಯೇ ವೇಗದ ದಾರಿ ಎಂಬುದರಲ್ಲಿ ಸಂಶಯವಿಲ್ಲ.

ಇವೆಲ್ಲಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ, ಅದರ ಬಗ್ಗೆ ಚರ್ಚೆ ಮಾತ್ರ ಕಡಿಮೆ. ಅಲಗು ಬೆನ್ನಿನ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. ಒಂದೇ ಕೋನದಲ್ಲಿ ವರ್ಷಗಟ್ಟಲೆ ಮಸೆದರೆ ಬಾಯಿ ಬೆನ್ನಿನತ್ತ ಸರಿದು ದಪ್ಪ ಭಾಗವನ್ನು ತಲುಪುತ್ತದೆ. ಆಗ ಬಾಯಿ ಹರಿತವಾಗಿದ್ದರೂ ಅಲಗು ಕ್ಯಾರೆಟ್ಟನ್ನು ಕತ್ತರಿಸುವ ಬದಲು ಸೀಳಿ ಒಡೆಯುತ್ತದೆ. ಇದಕ್ಕೆ ಪರಿಹಾರ ಅಲಗಿನ ಬದಿಯನ್ನೇ ಅತಿ ಕಿರಿದಾದ ಕೋನದಲ್ಲಿ ತೆಳುಗೊಳಿಸುವುದು. ಹೆಚ್ಚಿನ ಹಿಡಿಕೆ ಸಾಧನಗಳಲ್ಲಿ ಅಷ್ಟು ಕಡಿಮೆ ಕೋನ ಸಿಗುವುದಿಲ್ಲ, ಚಪ್ಪಟೆ ಕಲ್ಲಿನ ಮೇಲೆ ಕೈಯಲ್ಲೇ ಮಾಡಬೇಕು. ಆಕಾರದ ಮಿತಿಯೂ ಇದೆ. ಒಳಬಾಗಿದ ಬಾಯಿ, ಹಲ್ಲಿನ ಬಾಯಿ, ತೀರಾ ದಪ್ಪ ಬೆನ್ನು ಚಪ್ಪಟೆ ಕಲ್ಲಿಗೂ ಸಾಮಾನ್ಯ ಹಿಡಿಕೆಗೂ ಒಗ್ಗುವುದಿಲ್ಲ. ಕರ್ನಾಟಕದ ಅಡುಗೆಮನೆಯ ಈಳಿಗೆ ಮಣೆ, ಗದ್ದೆಯ ಕುಡುಗೋಲು, ಮಲೆನಾಡಿನ ಕತ್ತಿ ಈ ಕಾರಣಕ್ಕೆ ಇವುಗಳ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ಅವಕ್ಕೆ ಅರ ಮತ್ತು ಕೈಯಲ್ಲಿ ಹಿಡಿದು ಆಡಿಸುವ ಮಸೆಗಲ್ಲೇ ಸರಿ.

ಇಂದಿನ ಸ್ಥಿತಿ

ಭಾರತದಲ್ಲಿ ಸಾಣೆ ಎಂದರೆ ಬಹುಕಾಲ ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಮ್ ಕಲ್ಲು, ಇಲ್ಲವೇ ಸೈಕಲ್ಲಿನ ಪೆಡಲಿನಿಂದ ಚಕ್ರ ತಿರುಗಿಸುತ್ತಾ ಬೀದಿಗೆ ಬರುವ ಸಾಣೆಯವರು. ಕೋನನಿಯಂತ್ರಿತ ಸಾಧನಗಳು ಇಲ್ಲಿಗೆ ಹೆಚ್ಚಾಗಿ ಆಮದಾಗಿ, ಆನ್‌ಲೈನ್ ಮಾರಾಟದ ಮೂಲಕ ಬರುತ್ತಿವೆ. ಎಡ್ಜ್ ಪ್ರೊ ಮಾದರಿಯ ಚೀನೀ ತಯಾರಿಕೆಗಳು ಮೂಲದ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಅವುಗಳಲ್ಲಿ ನೋಡಬೇಕಾದದ್ದು ಕಲ್ಲುಗಳ ಸಂಖ್ಯೆಯನ್ನಲ್ಲ, ಕೀಲು ಮತ್ತು ಹಿಡಿಕೆಯ ಸಡಿಲವನ್ನು. ಕೀಲಿನ ತೂತಿನಲ್ಲಿ ಸರಳು ಅಲ್ಲಾಡಿದರೆ ಕೋನವೂ ಅಷ್ಟೇ ಅಲ್ಲಾಡುತ್ತದೆ. ಆರೆಗನ್ನಿನ ವರ್ಕ್ ಶಾರ್ಪ್ ಸಂಸ್ಥೆಯ 15ರಿಂದ 30 ಡಿಗ್ರಿವರೆಗೆ ಹೊಂದಿಸಬಲ್ಲ ಪ್ರಿಸಿಷನ್ ಅಡ್ಜಸ್ಟ್, ದುಬಾರಿ ಸಾಧನಗಳಿಗೂ ಅಗ್ಗದ ನಕಲುಗಳಿಗೂ ನಡುವಿನ ಸ್ಥಾನವನ್ನು ತುಂಬಿದೆ. ಯಾವ ಸಾಧನ ಬಳಸಿದರೂ, ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ ಅಥವಾ ಗಾಜಿನ ಹಲಗೆಯ ಮೇಲೆ ನೇರವಾಗಿ ಹೆಚ್ಚುವ ಮನೆಯಲ್ಲಿ ಅದು ಕೊಟ್ಟ ಹರಿತ ಉಳಿಯುವುದಿಲ್ಲ. ಮರದ ಅಥವಾ ಮೆದು ಪ್ಲಾಸ್ಟಿಕ್ಕಿನ ಹಲಗೆ ಇರಲೇಬೇಕು.